ಪ್ರತಿಜ್ಞೆಗೆ ನಾನು ಹೇಳಿದ ಅರ್ಥ

ನಾನು ಮಾಡಿದ ದಡ್ಡ ಕೆಲಸಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮೂಡಿಗೆರೆಯಿಂದ ಕಳಸದವರೆಗೆ ಟ್ರಾಫಿಕ್ ಜಾಮ್ ಆಗುತ್ತದೆ. ಆ ಸಾಲಿನ ಮುಂದೆ ನಿಲ್ಲಬೇಕಾದದ್ದು ಇದು: ಮಕ್ಕಳು ಬಾವುಟದ ಮುಂದೆ ಕೈ ಚಾಚಿ ಹೇಳುವ ಪ್ರತಿಜ್ಞೆಗೆ ನಾನು ಅರ್ಥ ಬಿಡಿಸಿ ಹೇಳಿದೆ.

ಮೂರು ವರ್ಷದ ಹಿಂದೆ ದೇವರಮನೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕನಾಗಿದ್ದೆ. ಅತಿಥಿ ಎಂದರೆ ಮಣೆ ಹಾಕಿಸಿಕೊಂಡು ಕೂರುವವನಲ್ಲ. ಯಾವತ್ತು ಬೇಕಾದರೂ ಎದ್ದು ಹೋಗು ಎನ್ನಿಸಿಕೊಳ್ಳುವವನು. ಹಾಗೆ ಹೇಳುವ ಅಧಿಕಾರವಿದ್ದವರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ರತ್ನಾಕರಣ್ಣನೂ ಒಬ್ಬರು. ಶಾಲೆಯ ಪಕ್ಕದಲ್ಲೇ ಅವರ ಕಾಫಿ ತೋಟ. ಮಗಳು ಧನ್ಯಾ ನಮ್ಮಲ್ಲೇ ಐದನೇ ಕ್ಲಾಸು.

ಧನ್ಯಾಳ ಬೆಂಚಿನಲ್ಲೇ ಸುಮಾ ಕೂರುತ್ತಿದ್ದಳು. ಅವಳ ಅಪ್ಪ ಅಮ್ಮ ರತ್ನಾಕರಣ್ಣನ ತೋಟದ ಆಳುಗಳು. ವಾಸ ಆ ತೋಟದ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಒಂಟಿ ಕೋಣೆಯ ಮನೆಗಳಲ್ಲಿ. ಸುಮಾಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸಬೇಕೆಂದು ನಾನು ಹಟ ಹಿಡಿದಿದ್ದೆ. ಪಾಸಾದರೆ ಊಟ, ಹಾಸಿಗೆ, ಪುಸ್ತಕ ಎಲ್ಲ ಸರ್ಕಾರದ್ದು. ಶಾಲೆ ಬಿಟ್ಟ ಮೇಲೆ ಇಬ್ಬರೂ ಲೆಕ್ಕಕ್ಕೆ ಕೂರುತ್ತಿದ್ದೆವು. ನಾನು ಹೇಳಿಕೊಡುವ ರೀತಿಗೂ ಅವಳು ಪಾಸಾಗುತ್ತಾಳೆ ಎಂಬ ಭರವಸೆ ಹುಟ್ಟಿತ್ತು ಎಂದರೆ ಹುಡುಗಿ ಎಷ್ಟು ಚುರುಕಿರಬೇಕು, ನೀವೇ ಯೋಚಿಸಿ.

ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನದ ತಯಾರಿ ನಡೆದಿತ್ತು. ಮಕ್ಕಳು ಗಿಳಿಗಳ ಹಾಗೆ ಪ್ರತಿಜ್ಞೆ ಒಪ್ಪಿಸುವುದು ಕೇಳಿ ನನ್ನೊಳಗಿನ ಮಹಾನ್ ಶಿಕ್ಷಣತಜ್ಞ ಎದ್ದು ಕೂತ.

"ಭಾರತೀಯರೆಲ್ಲ ಸಹೋದರ ಸಹೋದರಿಯರು ಅಂತೀರಲ್ಲ, ಹಂಗಂದ್ರೆ ಏನ್ರೋ?"

ಉತ್ತರವನ್ನೂ ನಾನೇ ಹೇಳಿದೆ.

"ಒಂದೇ ಒಲೆ ಮುಂದೆ ಕೂತು ತಿನ್ನೋರು. ನಮ್ಮಕ್ಕ ನನ್ನ ತಟ್ಟೆಯಿಂದ ಕಡುಬು ಕದೀತಾಳೆ, ನಾನು ಅವಳ ಜಡೆ ಎಳೀತೀನಿ. ಆದ್ರೂ ಒಲೆ ಒಂದೇ. ತಿಳೀತಾ?"

ಮಕ್ಕಳು ನಕ್ಕರು. ಒಳ್ಳೆ ಪಾಠ ಮಾಡಿದೆನೆಂದು ನಾನೂ ಉಬ್ಬಿದೆ.

ಹದಿನೈದರಂದು ಹಿಡಿದ ಮಳೆ ಬಿಡಲಿಲ್ಲ. ಬಾವುಟದ ಗಂಟು ಬಿಚ್ಚದೆ ನಾನು ಹಗ್ಗಕ್ಕೆ ಜೋತುಬಿದ್ದ ರೀತಿಗೆ, ಹಾರುವುದು ಬಾವುಟವೋ ಮೇಷ್ಟ್ರೋ ಎಂದು ಊರವರಿಗೆ ಅನುಮಾನ ಬಂತಂತೆ. ಅಂತೂ ಹಾರಿತು. ಪ್ರತಿಜ್ಞೆ ಮುಗಿಸಿ, ನೆನೆದು ತೊಪ್ಪೆಯಾದ ಎಲ್ಲರೂ ರತ್ನಾಕರಣ್ಣನ ಮನೆಗೆ ಹೋದೆವು. ಪ್ರತಿ ವರ್ಷ ಅಲ್ಲಿ ಕೇಸರಿಬಾತು, ಕಾಫಿ. ತೋಟದ ಮಾಲೀಕರ ಮಕ್ಕಳು ಜಗಲಿಯಲ್ಲಿ ಕೂರುತ್ತಾರೆ. ಲೈನಿನ ಮಕ್ಕಳು ಕಾಫಿ ಮೂಟೆ ಇಡುವ ಗೋಡೌನಿನಲ್ಲಿ. ಲೈನಿನವರ ಜಾತಿಯವರು ಆ ಮನೆಯ ಹೊಸಿಲು ದಾಟುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ನನಗೆ ಹಾಲ್‌ನಲ್ಲಿ ಕುರ್ಚಿ ಹಾಕಿದ್ದರು.

ಎರಡನೇ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತಿದ್ದಾಗ ರತ್ನಾಕರಣ್ಣನ ತಾಯಿ ಅಡುಗೆಮನೆಯಿಂದ ಹೊರಗೆ ಬಂದರು. ಸಿಟ್ಟಿನ ಸುಳಿವೇ ಇಲ್ಲ.

"ಮಗಾ, ಒಲೆ ಹತ್ರ ಲೈನಿನ ಹುಡುಗಿ ಕೂತಿದೆ."

ಹೋಗಿ ನೋಡಿದರೆ ಧನ್ಯಾ ಮತ್ತು ಸುಮಾ ಒಂದೇ ಟವೆಲ್ ಹೊದ್ದು ಬೆಂಕಿ ಕಾಯಿಸುತ್ತಿದ್ದರು, ನಡುವೆ ಒಂದೇ ತಟ್ಟೆ.

"ಒಳಗೆ ಬಾ ಅಂದೋರು ಯಾರೇ?" ರತ್ನಾಕರಣ್ಣ ಕೇಳಿದರು.

ಸುಮಾ ಒಂದಿಷ್ಟೂ ಹೆದರದೆ ನನ್ನ ಕಡೆ ನೋಡಿದಳು. "ಸರ್ ಹೇಳಿದಾರಲ್ಲ. ನಾವು ಅಕ್ಕತಂಗೀರು, ಒಂದೇ ಒಲೆ ಅಂತ."

ಎಲ್ಲರೂ ನನ್ನತ್ತ ತಿರುಗಿದರು. ಜೀವಮಾನದಲ್ಲಿ ಒಂದು ಸಲ ನನ್ನ ಮಾತಿಗೆ ಬೆಲೆ ಬಂದಿತ್ತು. ನಾನು ಹಲ್ಲು ಕಿರಿದೆ.

"ಅಯ್ಯೋ ಪುಟ್ಟಾ, ಅದು ತಮಾಷೆಗೆ ಹೇಳಿದ್ದು."

ಸುಮಾ ಟವೆಲನ್ನು ಮಡಚಿ ಧನ್ಯಾಳ ಕೈಗೆ ಕೊಟ್ಟು ಹಿಂಬಾಗಿಲಿನಿಂದ ಹೊರಗೆ ಹೋದಳು. "ಬೇಜಾರು ಮಾಡ್ಕಬೇಡಿ ಮಾರಾಯ್ರೆ, ಅಮ್ಮ ಹಳೇ ಕಾಲದೋರು" ಎಂದು ರತ್ನಾಕರಣ್ಣ ಕ್ಷಮೆ ಕೇಳಿದ್ದು ನನ್ನನ್ನು. ನಾನು ಕಾಫಿ ಕುಡಿಯುತ್ತಿದ್ದ ಹಾಗೇ ಒಳಗೆ ಕೊಡ ಕೊಡ ನೀರು ಸುರಿದು ಅಡುಗೆಮನೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ಲೋಟ ಪೂರ್ತಿ ಖಾಲಿ ಮಾಡಿಯೇ ಎದ್ದೆ.

ಯಾರೂ ಬೈಯಲಿಲ್ಲ. ಆಮೇಲಿನ ವಾರ ಲೈನಿನ ಸೂರು ರಿಪೇರಿ ಇದೆ ಎಂದರು. ಖಾಲಿ ಮಾಡಬೇಕಾಗಿ ಬಂದದ್ದು ಸುಮಾಳ ಮನೆಯೊಂದೇ. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ.

ಪರೀಕ್ಷೆಯ ಅರ್ಜಿಗೆ ಸಹಿ ಹಾಕಿಸಲು ಕಳಸದಾಚೆ ಅವರು ಸೇರಿದ್ದ ತೋಟಕ್ಕೆ ಹೋದೆ. ಅಲ್ಲಿಂದ ಶಾಲೆಗೆ ಕಾಡು ದಾಟಬೇಕು, ಬಸ್ಸಿಲ್ಲ. ಸುಮಾ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಕೋತಿ ಮುಖ ಮಾಡಿದೆ. ತಮ್ಮ ನಕ್ಕ, ಅವಳು ನಗಲಿಲ್ಲ. ಪರೀಕ್ಷೆ ಬರೀತೀಯಾ ಎಂದು ಕೇಳಿದೆ.

"ಇದೂ ತಮಾಷೆಗಾ ಸರ್?" ಎಂದು ಒಳಗೆ ಹೋದಳು.

ಅವಳ ಅಮ್ಮ ಲಲಿತಕ್ಕ ಅರ್ಜಿಯನ್ನು ಮುಟ್ಟಲಿಲ್ಲ. ಬೈದರೆ ಸಾಕಪ್ಪಾ ಎಂದು ಕಾದು ಕೂತೆ. ಬೈಯಲೂ ಇಲ್ಲ. ಕುಡಿಯಲು ನೀರು ಕೊಟ್ಟು ಮೆಲ್ಲಗೆ ಹೇಳಿದರು:

"ನಾವೂ ಸಣ್ಣೋರಿದ್ದಾಗ ಆ ಪ್ರತಿಜ್ಞೇನ ದಿನಾ ಹೇಳ್ತಿದ್ವಿ ಸರ್, ಹಿಂಗೇ ಕೈ ಚಾಚ್ಕಂಡು. ನಮ್ಮ ಮೇಷ್ಟ್ರು ಅರ್ಥ ಹೇಳಿರ್ಲಿಲ್ಲ. ಅದ್ಕೇ ಮದ್ವೆ ಆದಾಗಿಂದ ಆ ತೋಟದಲ್ಲಿ ಬಾಳ್ವೆ ಮಾಡಿದ್ವಿ."