ಹಾವಿನ ಕೆಳಗೆ ಹಾಸುವುದು

ಪುಣೆಯ ಹೊರವಲಯದ ನಿಗಡಿಯ ನಮ್ಮ ಫ್ಲ್ಯಾಟಿಗೆ ಹಾವು ಬಂದಾಗ ಬಂಧುಬಳಗದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕಚ್ಚುತ್ತದೆಯೇ? ನಾನು ಮಗಳನ್ನು ಕೇಳಿದ್ದು ಬೇರೆ. ಅದರ ಕೆಳಗೆ ಏನು ಹಾಸುತ್ತೀ ಅಂತ. ಕಚ್ಚುವುದು ಬಿಡುವುದು ಅದರ ಪಾಡು. ಮನೆ ಗುಡಿಸಿ ಒರೆಸುವುದು ಮಾತ್ರ ನನ್ನ ಪಾಡು. ನನಗೆ ನೆಲದ ಮೇಲೆ ಒಂದು ಕಾಳು ರವೆ ಬಿದ್ದಿದ್ದರೂ ಕಾಲಿಗೆ ತಿಳಿಯುತ್ತದೆ. ನನ್ನ ಗಂಡ ಇದನ್ನು ರೋಗ ಅನ್ನುತ್ತಾರೆ, ನಾನು ಸಂಸಾರ ಅನ್ನುತ್ತೇನೆ.

ಹಾವು ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವು. ಬಾಲ್ ಪೈಥಾನ್ ಅನ್ನುತ್ತಾರೆ. ವಿಷವಿಲ್ಲ, ಸಿಟ್ಟಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿ ಕೂತುಬಿಡುತ್ತದೆ. ಮಗಳ ಆಫೀಸಿನ ಗೆಳತಿಯೊಬ್ಬಳು ಪುಣೆ ಬಿಟ್ಟು ಹೋಗುವಾಗ ಇವಳಿಗೆ ಕೊಟ್ಟಿದ್ದಳು. ನನ್ನ ಗಂಡ ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವರು. ಅವರು ಹಾವಿನ ಮುಖವನ್ನೂ ನೋಡದೆ, "ಅರಣ್ಯ ಇಲಾಖೆ ಕಾಗದ ಎಲ್ಲಾ ಸರಿ ಅದಾವಿಲ್ಲೋ?" ಎಂದು ಕೇಳಿದರು. ಸರಿ ಇವೆ ಎಂದಾಗ ನೆಮ್ಮದಿಯಿಂದ ಟೀವಿಗೆ ತಿರುಗಿದರು. ಕಾಗದ ಸರಿ ಇದ್ದರೆ ಅವರು ಮನೆಯಲ್ಲಿ ಹುಲಿಯನ್ನೂ ಇರಗೊಡುತ್ತಾರೆ.

ನಾನು ಹೆದರಿದ್ದು ಅತ್ತೆಗೆ. ಬಾಗಲಕೋಟೆ ಕಡೆಯ ಹಳೆಯ ಮಂದಿ, ಎಪ್ಪತ್ತೈದು ದಾಟಿದವರು, ಹಾವು ಎಂಬ ಶಬ್ದವನ್ನು ಸಂಜೆಯ ಹೊತ್ತು ಬಾಯಿಂದ ತೆಗೆಯದವರು. ಅವರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಸೆರಗು ಹೊದ್ದು ಕೈ ಮುಗಿದರು. "ಮನಿಗಿ ತಾನಾಗಿ ಬಂದದ. ಇರಲಿ" ಎಂದರು. ಅಲ್ಲಿಗೆ ತೀರ್ಪಾಯಿತು. ಪೆಟ್ಟಿಗೆ ಮಗಳ ಕೋಣೆ ಸೇರಿತು. ಅದರ ಊಟ ಮಾತ್ರ ಬಾಗಿಲು ಹಾಕಿ; ಇಲಿ ಇಡುವ ಪುಟ್ಟ ಫ್ರಿಜ್ಜೂ ಅಲ್ಲೇ. ಆ ಬಾಗಿಲು ಮುಚ್ಚಿದ ಕೂಡಲೇ ಅತ್ತೆ ಜಪಮಾಲೆ ಹಿಡಿಯುತ್ತಿದ್ದರು, ನಾನು ಮಿಕ್ಸರ್ ಹಚ್ಚುತ್ತಿದ್ದೆ.

ಮೊದಲ ಹಾಸು ನನ್ನ ಆಯ್ಕೆ. ಬಾಲ್ಕನಿಗೆ ಹಾಸುತ್ತಾರಲ್ಲ, ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಅದನ್ನು ಅಳತೆಗೆ ಕತ್ತರಿಸಿ ತಂದೆ. ನಳದ ಕೆಳಗೆ ಹಿಡಿದು ತೊಳೆದರೆ ಮುಗಿಯಿತು ಎಂಬುದು ನನ್ನ ಲೆಕ್ಕ. ಪೆಟ್ಟಿಗೆ ಮದುವೆ ಮಂಟಪದಂತೆ ಕಾಣುತ್ತಿತ್ತು. ಆ ಹುಲ್ಲು ಹೊಟ್ಟೆಗೆ ಒರಟಾಗುತ್ತದೆ, ಹೊಲಸು ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮಗಳು ಗೊಣಗಿದಳು. ನಾನು ಕೇಳಲಿಲ್ಲ. ಹಾವೇ ಉತ್ತರ ಕೊಟ್ಟಿತು. ಚಾಪೆಯ ಅಂಚನ್ನು ಮೂತಿಯಿಂದ ಎತ್ತಿ ಒಳಗೆ ಸೇರಿ, ಹಾಸಿದ್ದನ್ನು ಹೊದ್ದುಕೊಂಡು ಮಲಗಿತು. ದಿನವೂ ಅದೇ ಆಟ.

ಮುಂದೆ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಇದೇ ಚರ್ಚೆ. ಗಂಡ, ಪಕ್ಕದ ಫರ್ನಿಚರ್ ಅಂಗಡಿಯಲ್ಲಿ ಮರದ ಹೊಟ್ಟು ಗೋಣಿಗಟ್ಟಲೆ ಬಿದ್ದಿರುತ್ತದೆ, ತರಲೇನು ಎಂದರು. ಯಾವ ಮರದ್ದೋ ಏನೋ, ಕೆಲವು ಮರದ ವಾಸನೆ ಹಾವಿನ ಉಸಿರಾಟಕ್ಕೇ ತೊಂದರೆ ಎಂದಳು ಮಗಳು. ಮರಳು ಎಂದೆ. ಇಲಿಯ ಜೊತೆ ಹೊಟ್ಟೆಗೆ ಹೋಗುತ್ತದೆ ಎಂದಳು, ನಾನು ತುತ್ತು ಕೆಳಗಿಟ್ಟೆ. ಕೊನೆಗೆ ಅವಳು ನರ್ಸರಿಯಿಂದ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತಂದಳು. ಒತ್ತಿ ಒಣಗಿಸಿದ ಪುಡಿ ಅದು. ಬಕೆಟ್ಟಿನಲ್ಲಿ ನೆನೆಹಾಕಿದೊಡನೆ ಉಬ್ಬುತ್ತ ಉಬ್ಬುತ್ತ ಅಂಚು ದಾಟಿ ನನ್ನ ಬಚ್ಚಲಿನ ಬಿಳಿ ಟೈಲ್ಸಿನ ಮೇಲೆಲ್ಲ ಕೂತಿತು. ಅಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ತೇವ ನಿಲ್ಲುತ್ತದಂತೆ, ತೇವವಿದ್ದರೆ ಪೊರೆ ಒಂದೇ ಸಲಕ್ಕೆ ಕಾಲುಚೀಲದ ಹಾಗೆ ಕಳಚಿ ಬರುತ್ತದಂತೆ. ಬಂದದ್ದೂ ನಿಜ. ಹಾವು ಅದರೊಳಗೆ ಅರ್ಧ ಹೂತುಕೊಂಡು ಮೂತಿಯಷ್ಟೇ ಹೊರಗಿಟ್ಟು ಮಲಗುತ್ತಿತ್ತು. ಮಗಳು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದಳು. ನನ್ನ ತಕರಾರು ಒಂದೇ: ಈ ಕಂದು ಪುಡಿಯಲ್ಲಿ ಏನು ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ.

ಶ್ರಾವಣ ಬಂತು, ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ನಾಗಪ್ಪನಿಗೆ ಹಾಲು ಹಾಕುವುದೆಂದರೆ ಬಟ್ಟಲಲ್ಲಿಟ್ಟು ಕುಡಿಸುವುದಲ್ಲ. ಕೊಬ್ಬರಿಯ ತುಂಡನ್ನು ಹಾಲಿನಲ್ಲಿ ಅದ್ದಿ, ಒಬ್ಬೊಬ್ಬರ ಹೆಸರಿನಲ್ಲಿ ಹನಿಸುವುದು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣತಮ್ಮಂದಿರ ಪಾಲು, ಹೀಗೆ ಮನೆಯ ಕೊನೆಯ ಕೂಸಿನವರೆಗೆ. ಪುಣೆಗೆ ಬಂದ ಮೇಲೆ ಅತ್ತೆ ಮಣ್ಣಿನ ನಾಗಪ್ಪನನ್ನು ಮಣೆಯ ಮೇಲಿಟ್ಟು ಇದನ್ನು ಮಾಡುತ್ತಿದ್ದರು. ಆ ವರ್ಷವೂ ಮಾಡಿದರು. ನಾನು ಹೋಳಿಗೆ, ಉಂಡಿ ಎಂದು ಅಡುಗೆಮನೆಯಲ್ಲಿದ್ದೆ. ಮಗಳು ಆಫೀಸಿಗೆ ಹೋಗಿದ್ದಳು.

ಕೆಲವು ದಿನ ಕಳೆದ ಮೇಲೆ ಮನೆಯಲ್ಲಿ ಹುಳಿ ವಾಸನೆ ಸುರುವಾಯಿತು. ನಾನು ಫ್ರಿಜ್ಜು ತೊಳೆದೆ, ಮೋರಿಗೆ ಬಿಸಿನೀರು ಸುರಿದೆ, ಗಂಡನ ಬೂಟನ್ನು ಬಾಲ್ಕನಿಗೆ ಎಸೆದೆ. ವಾಸನೆ ಹೋಗಲಿಲ್ಲ. ಮೂಗು ಹಿಡಿದ ದಾರಿಯಲ್ಲಿ ನಡೆದು ಮಗಳ ಕೋಣೆಗೆ ಬಂದೆ. ಮಗಳು ಹಾವನ್ನು ಎತ್ತಿ ಹೊಟ್ಟೆ ತಿರುಗಿಸಿ ನೋಡಿದಳು. ಬೆಳ್ಳಗಿರುತ್ತಿದ್ದ ಹೊಟ್ಟೆಯಲ್ಲಿ ಕೆಂಪು ಕೆಂಪು ಕಲೆಗಳು, ಒಂದೆರಡು ಕಡೆ ಹುರುಪೆಯೇ ಎದ್ದಿತ್ತು. ಪೆಟ್ಟಿಗೆಯ ಮೂಲೆಯ ಪುಡಿಯನ್ನು ಕೆದಕಿದರೆ ಒಳಗೆ ಬಿಳಿ ಗಂಟುಗಳು, ಮೇಲೆ ಬೂಸು.

"ಅಜ್ಜಿ, ಇದರಾಗ ಏನರೆ ಹಾಕಿದ್ಯೇನು?"

ಅತ್ತೆ ಸುಳ್ಳು ಹೇಳುವವರಲ್ಲ. "ಹಾಲು ಹಾಕೀನಿ. ಪಂಚಮಿ ದಿವಸ. ಮನ್ಯಾಗ ಖರೇ ಖರೇ ನಾಗಪ್ಪ ಇದ್ದಾಗ ಬರೇ ಮಣ್ಣಿಂದಕ್ಕ ಹಾಕಿ ಹ್ಯಾಂಗ ಬಿಡಲಿ?"

"ಹಾವು ಹಾಲು ಕುಡಿಯಂಗಿಲ್ಲ ಅಂತ ಎಷ್ಟು ಸಲ ಹೇಳೀನಿ ನಿನಗ."

"ಕುಡೀಲಿ ಅಂತ ಯಾರು ಹಾಕ್ತಾರ? ಪಾಲು ಹಾಕೀನಿ. ಎಲ್ಲಾರದೂ ಹಾಕೀನಿ. ನಿನ್ನ ಪಾಲೂ ಹಾಕೀನಿ."

ನಮ್ಮದು ಸಣ್ಣ ವಂಶವಲ್ಲ. ಬಾಗಲಕೋಟೆಯಲ್ಲಿರುವ ಮೈದುನಂದಿರು, ಅವರ ಮಕ್ಕಳು, ಸೊಲ್ಲಾಪುರದ ನಾದಿನಿಯ ಮೊಮ್ಮಕ್ಕಳು. ಒಬ್ಬೊಬ್ಬರಿಗೆ ಒಂದು ಹನಿಯೆಂದರೂ ತಂಬಿಗೆ ಖಾಲಿಯಾಗಿರಬೇಕು. ಅಷ್ಟೂ ಹಾಲನ್ನು ಆ ಪುಡಿ ಸದ್ದಿಲ್ಲದೆ ಕುಡಿದಿತ್ತು. ಹಾವು ಅದರ ಮೇಲೇ ಹೊಟ್ಟೆ ಊರಿ ಮಲಗಿತ್ತು.

"ನನ್ನ ಪಾಲಿನಿಂದ ಅದರ ಹೊಟ್ಟಿ ಕೊಳಿಯಾಕತ್ತದ" ಎಂದಳು ಮಗಳು. ಇನ್ನೂ ಏನೇನೋ ಅಂದಳು. ಈ ಮನೆಯಲ್ಲಿ ಇದನ್ನು ಇಟ್ಟರೆ ಉಳಿಯುವುದಿಲ್ಲ, ಗುಣವಾಗಲಿ, ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು. ಅಜ್ಜಿಯ ತೊಡೆಯ ಮೇಲೆ ಬೆಳೆದ ಹುಡುಗಿ. ಅವತ್ತಿನಿಂದ ಅಜ್ಜಿಯೊಡನೆ ಮಾತು ಬಿಟ್ಟಳು. ಎದುರಿಗೆ ಕೂತು ಊಟ ಮಾಡಿದರೂ, ಉಪ್ಪಿನಕಾಯಿ ಬೇಕಿದ್ದರೆ ನನ್ನನ್ನು ಕೇಳುತ್ತಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರ ತಾಟಿಗೂ ಕೇಳದೆ ತುಪ್ಪ ಹಾಕುತ್ತಿದ್ದೆ. ಅತ್ತೆಗೆ ಎರಡು ಸಂಕಟ. ತಾನಾಗಿ ಬಂದ ನಾಗಪ್ಪ ತನ್ನ ದೆಸೆಯಿಂದ ಮನೆ ಬಿಟ್ಟು ಹೋಗುತ್ತದೆ ಎಂಬುದೊಂದು. ಅದರ ಹಿಂದೆ ಮೊಮ್ಮಗಳ ಮನಸ್ಸೂ ಹೋಯಿತು ಎಂಬುದು ಇನ್ನೊಂದು. ಎರಡನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೆ ನನಗೆ ಗೊತ್ತಾಗುವುದಿಲ್ಲವೇ?

ಪ್ರಾಣಿಗಳ ಡಾಕ್ಟರು ಮುಲಾಮು ಕೊಟ್ಟು, ಗಾಯ ಮಾಯುವವರೆಗೆ ಬರೀ ಒಣ ಕಾಗದ ಹಾಸಿ, ದಿನವೂ ಬದಲಿಸಿ ಎಂದರು. ಅಂದರೆ ರದ್ದಿ ಪೇಪರು. ನನಗಂತೂ ಸ್ವರ್ಗ ಮೂರೇ ಗೇಣು. ಸುತ್ತಿ ಎಸೆದರೆ ಆಯಿತು, ಪುಡಿಯಿಲ್ಲ, ವಾಸನೆಯಿಲ್ಲ, ಎಲ್ಲ ಕಣ್ಣೆದುರಿಗೆ. ಪೇಪರು ಆರಿಸಿಡುವ ಕೆಲಸವನ್ನು ಅತ್ತೆ ಯಾರೂ ಹೇಳದೆ ತಾವೇ ವಹಿಸಿಕೊಂಡರು.

ಆಮೇಲೆ ಸುರುವಾಯಿತು ಅವರ ಶಾಸ್ತ್ರ. ಮರಾಠಿ ಪೇಪರನ್ನು ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ನೋಡುವರು. ದೇವರ ಫೋಟೋ ಇದ್ದ ಹಾಳೆ ಕೂಡದು. ಶ್ರಾವಣದಲ್ಲಿ ದೇವರಿಲ್ಲದ ಹಾಳೆ ಸಿಗುವುದೇ ಕಷ್ಟ. ತೀರಿಕೊಂಡವರ ಫೋಟೋ ಇದ್ದದ್ದು ಕೂಡದು, ಅದು ಅಪಶಕುನ. ಇದ್ದವರ ಫೋಟೋನೂ ಬೇಡ. "ಮಂದಿ ಮಾರಿ ಮ್ಯಾಲೆ ಅದು ಹೊಲಸು ಮಾಡಿದ್ರ ಚಂದ ಏನು?" ಪುಢಾರಿಗಳ ಮೇಲೆ ಮಾಡಿದರೆ ನಡೆಯುತ್ತದೆ ಎಂದರು ನನ್ನ ಗಂಡ. ಅತ್ತೆ ಒಪ್ಪಲಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ಶೇರುಪೇಟೆಯ ಪುಟ ಮತ್ತು ಟೆಂಡರು ಪ್ರಕಟಣೆಗಳು. ನಮ್ಮ ಹಾವು ನಗರಪಾಲಿಕೆಯ ಟೆಂಡರುಗಳ ಮೇಲೆ ಮಲಗಿ ಗುಣವಾಗತೊಡಗಿತು. ಬೆಳಿಗ್ಗೆ ಮಗಳ ಕೋಣೆಯ ಬಾಗಿಲಲ್ಲಿ ಆರಿಸಿದ ಹಾಳೆಗಳು ಮಡಿಕೆ ಹಾಕಿ ಕೂತಿರುತ್ತಿದ್ದವು. ಮಗಳು ಎತ್ತಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕಲೆಗಳು ಮಾಸಿದವು. ಹಾವಿಗೆ ಮಾತ್ರ ಕಾಗದ ಹಿಡಿಸಲಿಲ್ಲ. ಹೂತುಕೊಳ್ಳಲು ಏನೂ ಇಲ್ಲದೆ ಒಂದು ಮೂಲೆಗೆ ಒತ್ತಿಕೊಂಡು ಕೂರುತ್ತಿತ್ತು. ಪೊರೆ ಹರಿದ ಚಿಂದಿಯಂತೆ ತುಂಡು ತುಂಡಾಗಿ ಬಂತು. ಊಟ ಬಿಟ್ಟಿತು. ನನ್ನ ಸ್ವರ್ಗ ಅದಕ್ಕೆ ಸ್ವರ್ಗವಲ್ಲ ಎಂದು ನನಗೂ ಕಾಣುತ್ತಿತ್ತು. ಮಗಳು ಫೋನಿನಲ್ಲಿ ಯಾರೊಡನೆಯೋ ಮಾತಾಡಿದಳು. ಭಾನುವಾರ ಪುಣೆಯ ಆ ತುದಿಯ ಕೊಂಢವಾದಿಂದ ಒಬ್ಬರು ನೋಡಲು ಬರುತ್ತಾರೆ, ಅವರ ಹತ್ತಿರ ಇಂಥವೇ ಎರಡು ಇವೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನನಗೆ ಹೇಳಿದಳು. ಕಾಗದಪತ್ರ ಅವರ ಹೆಸರಿಗೆ ಆಗಬೇಕಲ್ಲ ಎಂದರು ಗಂಡ. ಅತ್ತೆ ಎದ್ದು ಒಳಗೆ ಹೋದರು.

ಬಂದವರು ಕುಂದಾಪುರ ಕಡೆಯವರು, ಮೂವತ್ತರ ಸುಮಾರಿನವರು. ಮನೆತನದ ಹೋಟೆಲು ನೋಡಿಕೊಳ್ಳುವವರು. ಮಗಳು ಹಾವನ್ನು ತರುವ ಮೊದಲೇ ಅತ್ತೆ ಅವರೆದುರು ಕುರ್ಚಿ ಎಳೆದುಕೊಂಡು ಕೂತರು. ಮುಂದಿನದು ಥೇಟ್ ಹೆಣ್ಣು ಕೊಡುವ ಮನೆಯ ವಿಚಾರಣೆ.

"ಮನ್ಯಾಗ ಯಾರ‍್ಯಾರು ಇರತೀರಿ?"

"ಅಪ್ಪ, ಅಮ್ಮ, ನಾನು, ಹೆಂಡತಿ."

"ಹೆಂಡತಿಗಿ ಅಂಜಿಕಿ ಇಲ್ಲೇನು?"

"ಮೊದಲು ಇತ್ತು. ಈಗ ಅವಳೇ ನೀರು ಇಡುದು."

"ಕೆಳಗ ಏನು ಹಾಸತೀರಿ?"

"ತೆಂಗಿನ ಸಿಪ್ಪೆ ಸಣ್ಣ ತುಂಡು ಮಾಡಿ, ಪುಡಿ ಜೊತೆ ಬೆರೆಸಿ ಹಾಕುದು. ಹೋಟೆಲಲ್ಲಿ ಬೇಕಾದಷ್ಟು ಉಂಟಲ್ಲ. ಅಡಿಯಲ್ಲಿ ಮಾತ್ರ ತೇವ, ಮೇಲೆ ಒಣಗಿರ್ಬೇಕು."

"ದಿನಾ ಯಾರು ನೋಡತಾರ? ನೀವು ಹೋಟೆಲಿಗಿ ಹೋದ್ರ?" ಹೀಗೆಯೇ ನಡೆಯಿತು. ಅವರು ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ ಪರೀಕ್ಷೆಯಂತೆ ಉತ್ತರ ಕೊಟ್ಟರು. ಎಲ್ಲಕ್ಕೂ ಸರಿಯಾಗಿಯೇ ಕೊಟ್ಟರು, ಅದೇ ಅತ್ತೆಗೆ ಕಷ್ಟವಾಗಿತ್ತು. ಕೇಳಲು ಏನೂ ಉಳಿಯದಾದಾಗ ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು:

"ಒಯ್ರಿ. ಒಳ್ಳೆ ಮಂದಿ ಇದ್ದೀರಿ. ನನ್ನ ಕೈಯಿಂದ ಅದಕ್ಕ ಕೇಡಾತು. ನಾ ಇರೋ ಮನ್ಯಾಗ ಅದು ಇರೋದು ಬ್ಯಾಡ."

ಇದೇ ಮಾತನ್ನು ಮಗಳು ಎಷ್ಟು ದಿನದಿಂದ ಬಾಗಿಲು ಬಡಿದು ಹೇಳುತ್ತಿದ್ದಳು. ಅಜ್ಜಿಯ ಬಾಯಲ್ಲಿ ಕೇಳಿದಾಗ ಅವಳ ಮುಖ ಸಣ್ಣದಾಯಿತು. ನಾನು ಯಾರಿಗೂ ಬೇಡದ ಚಹಾ ಬಗ್ಗಿಸುತ್ತ ನಿಂತೆ.

"ಹಂಗ ಲೆಕ್ಕ ಹಾಕಿದ್ರ ಈ ಮನ್ಯಾಗ ಯಾರೂ ಇರಂಗಿಲ್ಲ, ಅಜ್ಜಿ" ಎಂದಳು ಮಗಳು. "ಮೊದಲಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿದಾಕಿ ಅವ್ವ. ಹಾಲು ಬಿದ್ದದ್ದು ನೋಡದನ ಅಷ್ಟು ದಿವಸ ಬಿಟ್ಟಾಕಿ ನಾನು." ಮತ್ತೆ ಬಂದವರ ಕಡೆ ತಿರುಗಿ, "ಕೊಡಂಗಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ" ಎಂದಳು.

ನನ್ನನ್ನು ನಡುವೆ ಯಾಕೆ ಎಳೆದಳೋ ತಿಳಿಯಲಿಲ್ಲ, ಆದರೂ ಆ ಹೊತ್ತಿಗೆ ಒಪ್ಪಿಕೊಂಡೆ. ಬಂದವರು ನಕ್ಕು ಉಪ್ಪಿಟ್ಟು ಮುಗಿಸಿದರು. "ನನಗೆ ಆಗಲೇ ಗೊತ್ತಾಯ್ತು. ಕೊಡುವ ಮನೆಯವರು ಇಷ್ಟು ಪ್ರಶ್ನೆ ಕೇಳುದಿಲ್ಲ ಅಮ್ಮ" ಎಂದರು. ಎರಡು ದಿನ ಬಿಟ್ಟು ನಿಗಡಿಗೆ ಬರುವ ಯಾರದೋ ಕೈಯಲ್ಲಿ ಒಂದು ಚೀಲ ಕತ್ತರಿಸಿದ ತೆಂಗಿನ ಸಿಪ್ಪೆ ಕಳಿಸಿದ್ದರು.

ಅದನ್ನು ಹಾಸಿದ್ದು ನಾವು ಮೂವರೂ ಸೇರಿ. ಪುಡಿಯನ್ನು ನೆನೆಸಿ ಹಿಂಡಿದೆವು. ಎಷ್ಟು ತೇವ ಸರಿ ಎಂದು ಮಗಳು ಫೋನಿನಲ್ಲಿ ಹುಡುಕುತ್ತಿದ್ದಾಗ ಅತ್ತೆ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬಿಟ್ಟು, "ಉಂಡಿ ಕಟ್ಟಿದಂಗ ನಿಂತ್ರ ಸಾಕಲ್ಲ? ನೀರು ಒಸರಬಾರದು" ಎಂದರು. ಫೋನಿನಲ್ಲೂ ಹಾಗೆಯೇ ಇತ್ತು. ನೆಲದ ಮೇಲೆ ಕಂದು ಪುಡಿ ಅಲ್ಲಲ್ಲಿ ಬಿದ್ದಿತ್ತು, ನಾನು ಪೊರಕೆ ಮುಟ್ಟಲಿಲ್ಲ. ಮೊಣಕೈವರೆಗೆ ಅದರಲ್ಲೇ ಮುಳುಗಿದ್ದೆ.

ಪೆಟ್ಟಿಗೆ ತಯಾರಾಗುವವರೆಗೆ ಹಾವು ಮಗಳ ಮುಂಗೈಗೆ ಸುತ್ತಿಕೊಂಡಿತ್ತು. "ಅಜ್ಜಿ, ಇದನ್ನ ಹಿಡಿ. ನನಗ ಎರಡೂ ಕೈ ಬೇಕು" ಎಂದಳು. ಅತ್ತೆ ಅಲ್ಲಿಯವರೆಗೆ ಕೈ ಮುಗಿದಿದ್ದರೇ ಹೊರತು ಮುಟ್ಟಿದವರಲ್ಲ. ಕೈಗಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಎರಡೂ ಅಂಗೈ ಚಾಚಿದರು. ಹಾವು ಆತುರವಿಲ್ಲದೆ ಇಳಿದು ಬಂದು, ಅವರ ಬಳೆಗಳನ್ನು ದಾಟಿ, ಮಣಿಕಟ್ಟಿನ ಸುತ್ತ ಕೂತಿತು. ಉಂಡೆಯಾಗಲಿಲ್ಲ. ಅತ್ತೆ ಉಸಿರು ಬಿಟ್ಟು, ಹೆಬ್ಬೆರಳನ್ನು ಮೆಲ್ಲಗೆ ಅದರ ಹೊಟ್ಟೆಯ ಕೆಳಗೆ ಆಡಿಸಿದರು. ಕಲೆಗಳಿದ್ದ ಜಾಗದಲ್ಲಿ ಆಚೆ ಒಮ್ಮೆ, ಈಚೆ ಒಮ್ಮೆ, ಜ್ವರ ನೋಡುವವರ ಹಾಗೆ.

"ಮಾಯ್ದದ" ಎಂದರು.

"ಹೂಂ ಅಜ್ಜಿ, ಮಾಯ್ದದ" ಎಂದಳು ಮಗಳು.