ಬೆಟ್ಟಕ್ಕೆ ಬೇಡವಾದ ಹೆಸರು

"ಮೊದ್ಲು ಅದ್ನ ಕಣ್ಣಿಂದ ಇಳ್ಸು. ಯಾವ್ ಕಂಪ್ನಿಯೋನಪ್ಪ ನೀನು?" ಎನ್ನುತ್ತಲೇ ಅವನ ಬೈಕಿನ ಕೀ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ. ರಾಮನಗರದ ಬೆಟ್ಟದ ಬುಡದಲ್ಲಿರುವ ನಮ್ಮ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ದುರ್ಬೀನು ಹಿಡಿದು ನಿಂತಿದ್ದ ಆ ಹುಡುಗ ಬೆಪ್ಪಾದ.

ಬೆಟ್ಟದ ರಣಹದ್ದು ನೋಡಲು ಬಂದೆ ಎಂದ. ನಾನು ನಂಬಲಿಲ್ಲ. ಬಿಡದಿ ಕಡೆ ನನ್ನ ನಾದಿನಿಯ ಹೊಲ ಫ್ಯಾಕ್ಟರಿಗೆ ಹೋಗುವ ಮುಂಚೆಯೂ ಹೀಗೇ ಯಾರೋ ಬಂದು, ಕೆರೆ ನೋಡಲು ಬಂದೆವು ಅಂದಿದ್ದರು.

ನನ್ನನ್ನು ಖುಷಿಪಡಿಸಲೋ ಏನೋ, "ಒಂದಿನ ನಿಮ್ ಬೆಟ್ಟಕ್ಕೂ ಜೀವವೈವಿಧ್ಯದ ಹಾಟ್‌ಸ್ಪಾಟ್ ಅನ್ನೋ ಹೆಸರು ಬರಬಹುದಮ್ಮ" ಎಂದ. ನಮ್ಮ ಕಡೆ ಮೊದಲು ಇಂಗ್ಲಿಷ್ ಬರುತ್ತದೆ, ಹಿಂದೆಯೇ ನೋಟಿಸ್ ಬರುತ್ತದೆ. ಆ ಮಾತು ಹುಟ್ಟಿಸಿದವರು ಯಾರು, ಯಾತಕ್ಕೆ ಎಂದು ಬಿಡದೆ ಕೇಳಿದೆ.

ಹೊರದೇಶದ ವಿಜ್ಞಾನಿಯೊಬ್ಬರು ಹುಟ್ಟಿಸಿದ್ದಂತೆ. ಬೇರೆಲ್ಲೂ ಸಿಗದ ಗಿಡಮರ ಅಲ್ಲಿ ಸಾವಿರಗಟ್ಟಲೆ ಬಗೆ ಇರಬೇಕು. ಜೊತೆಗೆ, ಅಲ್ಲಿನ ಕಾಡು ನೂರಕ್ಕೆ ಎಪ್ಪತ್ತು ಪಾಲಾದರೂ ಆಗಲೇ ಹಾಳಾಗಿರಬೇಕು. ಆಮೇಲೇ ಆ ಹೆಸರು ಸಿಗುವುದು.

"ಅಂದ್ರೆ ಹಾಳಾದ್ಮೇಲೆ ಇಕ್ಕೋ ಹೆಸ್ರು ಅನ್ನು!" ಎಂದೆ. "ಹೌದಮ್ಮ, ಹಾಗೇ" ಎಂದು ಒಪ್ಪಿಕೊಂಡ. ಕಂಪನಿಯವನಾಗಿದ್ದರೆ ಏನಾದರೂ ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದ. ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟೆ.

ಸೊಪ್ಪು ಕೊಯ್ಯಲು ಹೋದಾಗ ಬದುವಿನ ಮೇಲೆ ಯಾರಾದರೂ ನಿಂತಿದ್ದಾರಾ ಅಂತ ನೋಡುವುದು ನನ್ನ ಹಳೇ ಚಾಳಿ. ಈಗ ತಲೆಯೆತ್ತಿ ಬೆಟ್ಟದ ಬಂಡೆಯನ್ನೂ ನೋಡುತ್ತೇನೆ. ರಣಹದ್ದು ಕೂತಿದ್ದರೆ, ಸದ್ಯ, ನಮಗಿನ್ನೂ ಆ ಹೆಸರು ಬಂದಿಲ್ಲ.