ಸಿಡಿಲಿನ ಕೋಣೆ

ಅಪ್ಪನಿಗೆ ಸಿಡಿಲು ಬಡಿದಾಗ ನಾನು ಕೂಗಳತೆಯೊಳಗೇ ಇದ್ದೆ. ಹಾರನಹಳ್ಳಿ ಹತ್ತಿರದ ನಮ್ಮ ಹೊಗೆಸೊಪ್ಪಿನ ಹೊಲ. ಮಳೆ ಬಂತೆಂದು ಅಪ್ಪ ಹೊಂಗೆಮರದ ಕೆಳಗೆ ಓಡಿದ. ನಾನು ಬದುವಿನ ಮೇಲಿದ್ದ ಸೊಪ್ಪು ತುಂಬುವ ಮಂಕರಿ ಎತ್ತಿಕೊಳ್ಳಲು ನಿಂತೆ. ಆಮೇಲೆ ಕಂಡದ್ದು ಬರೀ ಬಿಳುಪು. ಅಲ್ಲಿಂದ ಮುಂದೆ ಮೋಡ ಕಟ್ಟಿದರೆ ನಾನು ಹೊರಗೆ ಕಾಲಿಡುತ್ತಿರಲಿಲ್ಲ. ಅವ್ವ ಬಾಗಿಲು ಹಾಕಿ, ನನ್ನ ಕಿವಿ ಮುಚ್ಚಿ ಕೂರುತ್ತಿದ್ದಳು.

ಅಕ್ಕ ಮೈಸೂರಿನ ಹಾಸ್ಟೆಲಿನಲ್ಲಿದ್ದು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ನಾನು ಹೈಸ್ಕೂಲಿಗೆ ಸೇರಿದ ವರ್ಷ, ಒಂದು ಭಾನುವಾರ, ಅವ್ವನನ್ನೂ ನನ್ನನ್ನೂ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಯಾರು ಬೇಕಾದರೂ ಬರಬಹುದು, ಎಲ್ಲವನ್ನೂ ಮುಟ್ಟಿ ನೋಡಬಹುದು. ಅವ್ವ ತಿರುಗುವ ಸ್ಟೂಲಿನ ಮೇಲೆ ಕೂತಳು. ಮೆಲ್ಲಗೆ ಸುತ್ತುತ್ತಿದ್ದ ಸ್ಟೂಲು ಅವಳು ಚಾಚಿದ ತೋಳು ಮಡಚಿದೊಡನೆ ಗಿರ್ರನೆ ತಿರುಗಿತು; ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ಕೊನೆಯ ಕೋಣೆಯಲ್ಲಿ ಕಂಬದ ಮೇಲೊಂದು ದೊಡ್ಡ ಲೋಹದ ಗುಂಡು, ಪಕ್ಕದಲ್ಲಿ ಇಬ್ಬರು ಕೂರುವಷ್ಟು ದೊಡ್ಡ ತಂತಿಬಲೆಯ ಗೂಡು. ಅಕ್ಕ ಏನೂ ಹೇಳದೆ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಯಂತ್ರದ ಬಳಿಯಿದ್ದ ತನ್ನ ಗೆಳತಿಗೆ ಕೈ ಮಾಡಿದಳು. ಯಂತ್ರ ಗುಂಯ್ ಎಂದಿತು. ಚಟ್ಟನೆ ನೀಲಿ ಕಿಡಿಯೊಂದು ಗುಂಡಿನಿಂದ ಹಾರಿ ಅಕ್ಕನ ತಲೆಯ ಪಕ್ಕದ ಬಲೆಗೆ ಹೊಡೆಯಿತು. ಮತ್ತೆ ಹೊಡೆಯಿತು. ಹೊಲದಲ್ಲಿ ಅವತ್ತು ಬಂದಿದ್ದ ವಾಸನೆಯೇ ಮೂಗಿಗೆ ಬಂತು.

"ನಿಲ್ಸ್ರವ್ವಾ! ನನ್ ಮಗ್ಳು ಸತ್ತೋಯ್ತಾಳೆ, ನಿಲ್ಸಿ!" ಎನ್ನುತ್ತಾ ಅವ್ವ ಗೂಡಿನತ್ತ ನುಗ್ಗಿದಳು. ಗೆಳತಿ ಗಾಬರಿಯಿಂದ ಸ್ವಿಚ್ ಆರಿಸಿ ಅವಳನ್ನು ಹಿಡಿದುಕೊಂಡಳು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ; ಲಂಗ ಒದ್ದೆಯಾಗಿತ್ತು.

ಅಕ್ಕ ಹೊರಗೆ ಬಂದಳು. "ಏನೂ ಆಗಿಲ್ಲ ಕಣವ್ವ. ಕರೆಂಟು ಬಲೆ ಮೇಲೇ ಅರ್ದು ನೆಲಕ್ಕೋಯ್ತದೆ, ಒಳಗಿರೋರ್ಗೆ ತಾಕಕಿಲ್ಲ. ಸಿಡ್ಲು ಬಂದಾಗ ಬಸ್ಸೊಳಗಿದ್ರೂ ಅಂಗೇಯ. ಮರದ ಕೆಳಗೆ ಮಾತ್ರ ನಿಲ್ಬಾರ್ದು."

"ಒಲದಲ್ಲಿ ಬಸ್ಸೆಲ್ಲಿತ್ತಮ್ಮಿ?" ಎಂದಳು ಅವ್ವ.

ಅಕ್ಕ ಅಳತೊಡಗಿದಳು. ಮೊದಲ ಸಲ ಆ ಗೂಡಿನಲ್ಲಿ ಕೂತಾಗ ತಾನೂ ಹೆದರಿ ಎದ್ದು ಓಡಿದ್ದಳಂತೆ. "ಅಪ್ಪಂಗೆ ಏನಾಯ್ತು ಅಂತ ನಿಮ್ಗೂ ತಿಳೀಲಿ ಅಂತ ಕರ್ಕೊಂಬಂದೆ," ಎಂದಳು.

ನಾನೂ ಒಳಗೆ ಕೂರುತ್ತೇನೆಂದು ಯಾವ ಧೈರ್ಯದಲ್ಲಿ ಹೇಳಿದೆನೋ ಕಾಣೆ. ಅಕ್ಕನೂ ಗೂಡಿನೊಳಗೆ ಬಂದು ಪಕ್ಕದಲ್ಲೇ ಕೂತು ಕೈ ಹಿಡಿದಳು. ಅವ್ವ ನಮಗೆ ಬೆನ್ನು ಹಾಕಿ ನಿಂತಳು, ಆದರೆ ಕೋಣೆ ಬಿಟ್ಟು ಹೋಗಲಿಲ್ಲ. ಒಂದೊಂದು ಕಿಡಿಗೂ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ತೆರೆದದ್ದು ಒಂದೇ ಸಲ. ಬೆಳಕು ತಂತಿಯನ್ನು ಮುಟ್ಟಿ ಅಲ್ಲೇ ಆರಿತು.

ಭಯ ಹೋಗಲಿಲ್ಲ. ಆದರೆ ಮುಂದಿನ ವರ್ಷ ಸಸಿ ನೆಡುವಾಗ ಮೋಡವಿದ್ದರೂ ಅವ್ವನ ಜೊತೆ ಮತ್ತೆ ಹೊಲಕ್ಕಿಳಿದೆ. ಪಡುವಣ ಕಡೆ ಕಪ್ಪಾದರೆ ಸಾಕು, ಸಾಲು ಅರ್ಧಕ್ಕೇ ಬಿಟ್ಟು ಇಬ್ಬರೂ ಮನೆಗೆ ಓಡುತ್ತಿದ್ದೆವು.